36 ಗ್ರಾಂ ನುಂಗಿದರೂ ಏರದ ಹಿಮೋಗ್ಲೋಬಿನ್: ಒಂದು ಪ್ರಕರಣ ಅಧ್ಯಯನ

ನಾಲ್ಕು ತಿಂಗಳಲ್ಲಿ ಈ ಮಹಿಳೆ ಮಾತ್ರೆಗಳ ಮೂಲಕ ನುಂಗಿದ ಕಬ್ಬಿಣ 36 ಗ್ರಾಂ. ಒಂದೊಂದು ಮಾತ್ರೆಯಲ್ಲಿ 100 ಮಿಲಿಗ್ರಾಂ, ದಿನಕ್ಕೆ ಮೂರು, 120 ದಿನ. ವಯಸ್ಕರ ಇಡೀ ಮೈಯಲ್ಲಿ ಇರುವ ಕಬ್ಬಿಣವೇ 3ರಿಂದ 4 ಗ್ರಾಂ. ಅಂದರೆ ಮೈಯಲ್ಲಿ ಇರಬೇಕಾದದ್ದರ ಹತ್ತು ಪಟ್ಟು ಹೊಟ್ಟೆಗೆ ಹೋಗಿದೆ. ಹಿಮೋಗ್ಲೋಬಿನ್ ಮಾತ್ರ 9.1ರಿಂದ 8.9ಕ್ಕೆ ಇಳಿದಿತ್ತು.

ಇದು ಯಾರೋ ಒಬ್ಬರ ಕತೆಯಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ದೀರ್ಘಕಾಲದ ಉರಿಯೂತ ಇರುವವರಲ್ಲಿ ರಕ್ತಹೀನತೆ ಹೇಗೆ ಕಾಣಿಸಿಕೊಳ್ಳುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ತೋರಿಸಲು ಹಲವರಲ್ಲಿ ಕಾಣುವ ವಿವರಗಳನ್ನು ಒಬ್ಬ ರೋಗಿಯಲ್ಲಿ ಕೂಡಿಸಿ ಕಟ್ಟಿದ ಪ್ರಕರಣ. ರಿಪೋರ್ಟಿನ ಅಂಕಿಗಳೂ ಹಾಗೇ. ದೇಹ ಕಬ್ಬಿಣವನ್ನು ನಡೆಸಿಕೊಳ್ಳುವ ರೀತಿ ಮಾತ್ರ ಎಲ್ಲರಲ್ಲೂ ಒಂದೇ.

ರೋಗಿಗೆ 38 ವರ್ಷ, ತೂಕ 50 ಕಿಲೋ. ಆರು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಒಂದು ಗಂಟೆ ಬೇಕು. ಈಗ ಅದರ ಜೊತೆಗೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಮೊದಲು ನೋಡಿದ ಡಾಕ್ಟರು ರಕ್ತ ಕಡಿಮೆ ಇದೆ ಅಂತ ಐರನ್ ಮಾತ್ರೆ ಬರೆದಿದ್ದರು. ಮೊದಲು ದಿನಕ್ಕೆ ಒಂದು. ಎರಡು ವಾರದಲ್ಲಿ ಏರಲಿಲ್ಲ ಅಂತ ಮೂರು, ಮುಂದಿನ ನಾಲ್ಕು ತಿಂಗಳೂ ಹಾಗೇ. ಆಮೇಲೂ ಏರದಿದ್ದಾಗ ಮನೆಯವರಿಗೆ ಅನುಮಾನ ಬಂತು: ಇವಳು ಮಾತ್ರೆ ಸರಿಯಾಗಿ ತಗೊಳ್ತಾ ಇಲ್ಲ.

ಹೊಸ ಡಾಕ್ಟರು ಆ ಅನುಮಾನವನ್ನು ಒಂದೇ ಪ್ರಶ್ನೆಯಲ್ಲಿ ಬಗೆಹರಿಸಿದರು.

"ಮಾತ್ರೆ ಶುರು ಮಾಡಿದ ಮೇಲೆ ಮಲದ ಬಣ್ಣ ಹೇಗಿದೆಯಮ್ಮ?"

"ಕಪ್ಪು ಡಾಕ್ಟ್ರೇ. ಮೊದಲ ವಾರದಿಂದಲೂ ಹಾಗೇ. ಹೊಟ್ಟೆ ಬೇರೆ ಕಟ್ಟಿಕೊಳ್ಳುತ್ತೆ."

ಮಾತ್ರೆ ಹೊಟ್ಟೆಗೆ ಹೋಗಿದೆ. ಹೀರಿಕೊಳ್ಳದೆ ಉಳಿದ ಕಬ್ಬಿಣವೇ ಮಲವನ್ನು ಕಪ್ಪು ಮಾಡುತ್ತದೆ. ತಪ್ಪು ರೋಗಿಯದಲ್ಲ ಎಂದು ಇಷ್ಟು ಬೇಗ ಗೊತ್ತಾಗುವಾಗ, ಎಷ್ಟೋ ಜನ ತಿಂಗಳುಗಟ್ಟಲೆ ಮನೆಯವರ ಮಾತು ಕೇಳಬೇಕಾಗುತ್ತದೆ. ನನಗೆ ಇದು ತುಂಬ ಬೇಸರದ ಸಂಗತಿ. ಆದರೆ ಈ ಕಪ್ಪು ಬಣ್ಣಕ್ಕೆ ಇನ್ನೊಂದು ಮುಖವೂ ಇದೆ. ಹೊಟ್ಟೆಯಲ್ಲಿ ರಕ್ತ ಸೋರಿದರೂ ಮಲ ಕಪ್ಪಾಗುತ್ತದೆ. ಐರನ್ ಮಾತ್ರೆ ಅದನ್ನು ಮರೆಮಾಡಿಬಿಡುತ್ತದೆ. ಈ ಎರಡನೆಯ ಮಾತು ಮುಂದೆ ಬೇಕಾಗುತ್ತದೆ.

ರಿಪೋರ್ಟ್ ಹೇಳಿದ್ದು, ಹೇಳದೇ ಬಿಟ್ಟದ್ದು

ಆಕೆ ತಂದಿದ್ದ ಹಳೆಯ ರಿಪೋರ್ಟಿನಲ್ಲಿ ರಕ್ತದ ಕಬ್ಬಿಣ 118 ಮೈಕ್ರೋಗ್ರಾಂ. ಪಕ್ಕದಲ್ಲಿ 'ನಾರ್ಮಲ್' ಎಂದಿತ್ತು. ಅವತ್ತು ಮಾತ್ರೆ ತಗೊಂಡು ರಕ್ತ ಕೊಟ್ಟಿರಾ ಎಂದು ಕೇಳಿದರೆ, ಹೌದು, ಎರಡು ಗಂಟೆ ಮೊದಲು. ಮಾತ್ರೆ ನುಂಗಿದ ಕೆಲವು ಗಂಟೆ ರಕ್ತದಲ್ಲಿ ಕಬ್ಬಿಣ ಏರಿಯೇ ಇರುತ್ತದೆ. ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಎರಡು ದಿನ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತೆ ರಕ್ತ ತೆಗೆದರು.

ಈ ಸಲ ರಕ್ತದ ಕಬ್ಬಿಣ 24. ಅದನ್ನು ಹೊತ್ತೊಯ್ಯುವ ಟ್ರಾನ್ಸ್‌ಫೆರಿನ್‌ಗೆ ಒಟ್ಟು ಹೊರುವ ಸಾಮರ್ಥ್ಯ 262. ಅಂದರೆ ಅದರ ಶೇಕಡಾ 9ರಷ್ಟು ಮಾತ್ರ ತುಂಬಿದೆ. ಶೇಕಡಾ 20ಕ್ಕಿಂತ ಜಾಸ್ತಿ ಇದ್ದರೆ ಮೂಳೆಮಜ್ಜೆಗೆ ಕೆಂಪು ರಕ್ತಕಣ ತಯಾರಿಸಲು ತೊಂದರೆಯಿಲ್ಲ. 16ಕ್ಕಿಂತ ಕೆಳಗೆ ಹೋದರೆ ಕಬ್ಬಿಣ ಸಾಲುತ್ತಿಲ್ಲ ಎಂದೇ ಲೆಕ್ಕ. ರಕ್ತಕಣಗಳ ಗಾತ್ರ 76, ಸ್ವಲ್ಪ ಚಿಕ್ಕವು. ಉರಿಯೂತ ತೋರಿಸುವ ಸಿ.ಆರ್.ಪಿ 48. ಅದು 5ರ ಆಸುಪಾಸಿನಲ್ಲಿ ಇರಬೇಕಿತ್ತು.

ಫೆರಿಟಿನ್ 64. ಲ್ಯಾಬಿನ ಹಾಳೆಯಲ್ಲಿ 15ರಿಂದ 150 ಸರಿ ಎಂದು ಅಚ್ಚಾಗಿತ್ತು. ಹಾಗಾಗಿ ಅದರ ಪಕ್ಕ ಯಾವ ಗುರುತೂ ಇರಲಿಲ್ಲ. ಈ ಪ್ರಕರಣದಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವ ಸಂಖ್ಯೆ ಇದೇ.

ಫೆರಿಟಿನ್ ಅಂದರೆ ಜೀವಕೋಶದೊಳಗೆ ಕಬ್ಬಿಣವನ್ನು ಕೂಡಿಡುವ ಪ್ರೋಟೀನ್. ಒಂದು ಫೆರಿಟಿನ್ ಕಣದಲ್ಲಿ ಸುಮಾರು 4,500 ಕಬ್ಬಿಣದ ಪರಮಾಣುಗಳವರೆಗೆ ಹಿಡಿಯುತ್ತವೆ. ಅದರಲ್ಲಿ ಚೂರು ರಕ್ತಕ್ಕೂ ಬರುತ್ತದೆ. ಆರೋಗ್ಯವಂತರಲ್ಲಿ ಆ ಚೂರನ್ನು ಅಳೆದರೆ ಒಳಗಿನ ಸಂಗ್ರಹ ಎಷ್ಟಿದೆ ಎಂದು ಚೆನ್ನಾಗಿಯೇ ಗೊತ್ತಾಗುತ್ತದೆ. ಆದರೆ ಉರಿಯೂತ ಇದ್ದರೆ ಕಬ್ಬಿಣ ಇರಲಿ ಬಿಡಲಿ, ಫೆರಿಟಿನ್ ಏರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ಎರಡು ಬೇರೆ ಬೇರೆ ಗೆರೆ ಎಳೆದಿದೆ. ಆರೋಗ್ಯವಂತ ವಯಸ್ಕರಲ್ಲಿ 15ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಕೊರತೆ. ಸೋಂಕು ಅಥವಾ ಉರಿಯೂತ ಇರುವವರಲ್ಲಿ 70ಕ್ಕಿಂತ ಕಡಿಮೆಯಿದ್ದರೇ ಕೊರತೆ. ಈಕೆಯ 64 ಆ ಗೆರೆಯ ಕೆಳಗಿದೆ. ಸಿ.ಆರ್.ಪಿ ನೋಡದೆ ಫೆರಿಟಿನ್ ಒಂದನ್ನೇ ಓದುವುದು ಅರ್ಧ ಓದಿದಂತೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎರಡನ್ನೂ ಒಟ್ಟಿಗೇ ಬರೆಯಬೇಕು, ಒಟ್ಟಿಗೇ ನೋಡಬೇಕು.

ಇನ್ನೊಂದು ಸುಳಿವು ಆ 262ರಲ್ಲಿತ್ತು. ಬರೀ ಕಬ್ಬಿಣದ ಕೊರತೆಯಾಗಿದ್ದರೆ ಲಿವರ್ ಹೆಚ್ಚು ಟ್ರಾನ್ಸ್‌ಫೆರಿನ್ ತಯಾರಿಸಿ ಆ ಸಂಖ್ಯೆ 400 ದಾಟಬೇಕಿತ್ತು. ಬರೀ ಉರಿಯೂತವಾಗಿದ್ದರೆ ಇನ್ನೂ ಕೆಳಗಿರಬಹುದಿತ್ತು. ಇದು ನಡುವೆ ನಿಂತಿದೆ. ಹಾಗಾಗಿ ಡಾಕ್ಟರು ರಕ್ತದಲ್ಲಿ ಕರಗಿರುವ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಪರೀಕ್ಷೆಯನ್ನೂ ಮಾಡಿಸಿದರು. ಜೀವಕೋಶಗಳಿಗೆ ಕಬ್ಬಿಣ ಸಾಲದಿದ್ದಾಗ ಇದು ಏರುತ್ತದೆ. ಬರೀ ಉರಿಯೂತಕ್ಕೆ ಏರುವುದಿಲ್ಲ. ಈಕೆಯಲ್ಲಿ ಏರಿತ್ತು.

ಅಲ್ಲಿಗೆ ಚಿತ್ರ ಸ್ಪಷ್ಟವಾಯಿತು. ಈಕೆಯಲ್ಲಿ ಕಬ್ಬಿಣ ನಿಜಕ್ಕೂ ಕಡಿಮೆ ಇದೆ. ಇರುವುದು ಸರಿಯಾಗಿ ಓಡಾಡುತ್ತಲೂ ಇಲ್ಲ. ಎರಡೂ ಒಟ್ಟಿಗೆ.

ಹೊರಹೋಗುವ ದಾರಿ ಇಲ್ಲದ ವಸ್ತು

ಇಲ್ಲಿ ಸ್ವಲ್ಪ ನಿಲ್ಲಬೇಕು. ದೇಹದ ನಿಯಮ ಗೊತ್ತಿಲ್ಲದೆ ಆ 36 ಗ್ರಾಂ ಎಲ್ಲಿ ಹೋಯಿತು ಅಂತ ಅರ್ಥವಾಗುವುದಿಲ್ಲ.

ಉಪ್ಪು ಜಾಸ್ತಿ ಆದರೆ ಮೂತ್ರದಲ್ಲಿ ಹೋಗುತ್ತದೆ. ನೀರು ಜಾಸ್ತಿ ಆದರೂ ಹಾಗೇ. ಕಬ್ಬಿಣಕ್ಕೆ ಆ ವ್ಯವಸ್ಥೆಯೇ ಇಲ್ಲ. ಜಾಸ್ತಿಯಾದದ್ದನ್ನು ಬೇಕೆಂದೇ ಹೊರಹಾಕುವ ಯಾವ ದಾರಿಯೂ ನಮ್ಮ ದೇಹದಲ್ಲಿಲ್ಲ. 1930ರ ದಶಕದಲ್ಲಿ ಇಂಗ್ಲೆಂಡಿನ ಮೆಕ್ಯಾನ್ಸ್ ಮತ್ತು ವಿಡೋಸನ್ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಕರುಳಿನ ಒಳಪದರ ಉದುರುವಾಗ, ಚರ್ಮ ಉದುರುವಾಗ, ಬೆವರಿನಲ್ಲಿ, ಹೀಗೆ ದಿನಕ್ಕೆ 1ರಿಂದ 2 ಮಿಲಿಗ್ರಾಂ ತಾನಾಗಿ ಹೋಗುತ್ತದೆ. ಮುಟ್ಟಿನಲ್ಲಿ, ಹೆರಿಗೆಯಲ್ಲಿ, ಗಾಯದಲ್ಲಿ ರಕ್ತದ ಜೊತೆ ಹೋಗುತ್ತದೆ. ಇದರಲ್ಲಿ ಯಾವುದೂ ದೇಹದ ಹಿಡಿತದಲ್ಲಿಲ್ಲ.

ಹೊರಹಾಕಲು ಆಗದಿದ್ದರೆ ಮಾಡಬಹುದಾದದ್ದು ಒಂದೇ, ಒಳಗೆ ಬರುವಾಗಲೇ ತಡೆಯುವುದು. ಹಾಗಾಗಿ ಪೂರ್ತಿ ನಿಯಂತ್ರಣ ಇರುವುದು ಒಳಬರುವ ಬಾಗಿಲಲ್ಲಿ. ಈ ಒಂದು ಮಾತು ಹಿಡಿದುಕೊಂಡರೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಬಾಗಿಲು ಇರುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಅಲ್ಲಿನ ಕೋಶಗಳು ಕರುಳಿನ ಕಡೆಯಿಂದ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳುತ್ತವೆ. ಅಲ್ಲಿಗೆ ಅದು ದೇಹ ಸೇರಿತು ಅಂತಲ್ಲ. ಆ ಕೋಶದ ಇನ್ನೊಂದು ಬದಿಯಲ್ಲಿ ಫೆರೋಪೋರ್ಟಿನ್ ಎಂಬ ಪ್ರೋಟೀನ್ ಇದೆ. ಅದರ ಮೂಲಕ ದಾಟಿದರೆ ಮಾತ್ರ ಕಬ್ಬಿಣ ರಕ್ತಕ್ಕೆ ಬರುತ್ತದೆ. ಮನುಷ್ಯರ ಯಾವ ಕೋಶದಿಂದ ಕಬ್ಬಿಣದ ಅಯಾನು ಹೊರಬರಬೇಕಾದರೂ ಈಗ ಗೊತ್ತಿರುವ ದಾರಿ ಇದೊಂದೇ. 2000ದಲ್ಲಿ ಮೂರು ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಇದನ್ನು ಕಂಡುಹಿಡಿದವು. ದಾಟಲು ಆಗದೆ ಉಳಿದ ಕಬ್ಬಿಣ ಕೋಶದ ಫೆರಿಟಿನ್ ಒಳಗೆ ಸೇರಿ ಕೂರುತ್ತದೆ. ಕರುಳಿನ ಈ ಕೋಶಗಳ ಆಯುಷ್ಯ ಮೂರರಿಂದ ಐದು ದಿನ. ಆಮೇಲೆ ಅವು ಕಳಚಿ ಕರುಳಿಗೆ ಬೀಳುತ್ತವೆ, ಒಳಗಿನ ಕಬ್ಬಿಣದ ಸಮೇತ. ಈಕೆ ನುಂಗಿದ ಕಬ್ಬಿಣದಲ್ಲಿ ಹೆಚ್ಚಿನದು ಕರುಳಿನಲ್ಲೇ ಸಾಗಿಹೋಯಿತು. ಕೋಶದೊಳಗೆ ಬಂದದ್ದರಲ್ಲೂ ಬಹಳಷ್ಟು ಹೀಗೆ ಉದುರಿಹೋಯಿತು.

ನಿಜ ಹೇಳಬೇಕೆಂದರೆ, ದಿನನಿತ್ಯದ ಲೆಕ್ಕದಲ್ಲಿ ಕರುಳಿನಿಂದ ಬರುವುದು ತೀರಾ ಕಡಿಮೆ. ಮೂಳೆಮಜ್ಜೆಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಬೇಕು. ಊಟದಿಂದ ಸೇರುವುದು ಬರೀ 1ರಿಂದ 2. ಉಳಿದದ್ದೆಲ್ಲ ಹಳೆಯದೇ ಮತ್ತೆ ಬಳಕೆಗೆ ಬರುವುದು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಮುದಿಯಾದ ಕಣಗಳನ್ನು ಗುಲ್ಮದಲ್ಲಿ, ಲಿವರ್‌ನಲ್ಲಿ ಇರುವ ಮ್ಯಾಕ್ರೋಫೇಜ್ ಕೋಶಗಳು ನುಂಗಿ, ಒಡೆದು, ಕಬ್ಬಿಣವನ್ನು ಬಿಡಿಸಿ ರಕ್ತಕ್ಕೆ ಬಿಡುತ್ತವೆ. ಯಾವುದೇ ಕ್ಷಣದಲ್ಲಿ ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಬೆನ್ನಮೇಲೆ ಓಡಾಡುತ್ತಿರುವ ಕಬ್ಬಿಣ ಕೇವಲ 3 ಮಿಲಿಗ್ರಾಂ. ಅದು ದಿನಕ್ಕೆ ಹಲವು ಸಲ ಖಾಲಿಯಾಗಿ ತುಂಬುತ್ತದೆ. ಮ್ಯಾಕ್ರೋಫೇಜ್‌ಗಳು ಕಬ್ಬಿಣ ಬಿಡುವುದನ್ನು ನಿಲ್ಲಿಸಿದರೆ ಆ 3 ಮಿಲಿಗ್ರಾಂ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ. ಮ್ಯಾಕ್ರೋಫೇಜ್‌ನಿಂದ ಹೊರಬರುವ ದಾರಿ ಯಾವುದು? ಅದೂ ಫೆರೋಪೋರ್ಟಿನ್ನೇ.

ಬೀಗದ ಕೈ ಯಾರ ಹತ್ತಿರ?

ಲಿವರ್ ಹತ್ತಿರ. ಅದು ಹೆಪ್ಸಿಡಿನ್ ಎಂಬ ಪುಟ್ಟ ಹಾರ್ಮೋನ್ ತಯಾರಿಸುತ್ತದೆ. ಬರೀ 25 ಅಮೈನೋ ಆಮ್ಲಗಳಷ್ಟು ಉದ್ದ. ಅದು ಹೋಗಿ ಫೆರೋಪೋರ್ಟಿನ್‌ಗೆ ಅಂಟಿಕೊಳ್ಳುತ್ತದೆ. ಕೋಶ ಅವೆರಡನ್ನೂ ಒಳಗೆಳೆದು ಪುಡಿ ಮಾಡಿಬಿಡುತ್ತದೆ. 2004ರಲ್ಲಿ ಗೊತ್ತಾದ ವಿಷಯ ಇದು.

ಹೆಪ್ಸಿಡಿನ್‌ನ ಕೆಲಸ ಗೊತ್ತಾದ ಬಗೆ ನನಗೆ ಬಹಳ ಇಷ್ಟ. 2001ರಲ್ಲಿ ಫ್ರಾನ್ಸಿನ ತಂಡವೊಂದು ಇಲಿಗಳಲ್ಲಿ ಬೇರೆ ಯಾವುದೋ ಜೀನ್ ತೆಗೆದುಹಾಕಿ ಅಭ್ಯಾಸ ಮಾಡುತ್ತಿತ್ತು. ಅವರು ಹುಡುಕುತ್ತಿದ್ದದ್ದಕ್ಕೂ ಕಬ್ಬಿಣಕ್ಕೂ ಸಂಬಂಧವಿರಲಿಲ್ಲ. ಆದರೆ ಇಲಿಗಳ ಲಿವರ್‌ನಲ್ಲಿ, ಪ್ಯಾಂಕ್ರಿಯಾಸ್‌ನಲ್ಲಿ ಕಬ್ಬಿಣ ತುಂಬಿಕೊಂಡಿತ್ತು. ಪಕ್ಕದಲ್ಲಿದ್ದ ಹೆಪ್ಸಿಡಿನ್ ಜೀನೂ ಕೆಲಸ ನಿಲ್ಲಿಸಿದ್ದು ಅದಕ್ಕೆ ಕಾರಣ. ಮರುವರ್ಷ ಮನುಷ್ಯರಲ್ಲಿ ಇದರ ಉಲ್ಟಾ ಚಿತ್ರ ಸಿಕ್ಕಿತು. ಒಂದು ಬಗೆಯ ಗ್ಲೈಕೋಜನ್ ಕಾಯಿಲೆ ಇರುವ ಕೆಲವರ ಲಿವರ್‌ನಲ್ಲಿ ಗಡ್ಡೆಗಳಿದ್ದವು. ಅವರಿಗೆ ಐರನ್ ಮಾತ್ರೆಗೆ ಬಗ್ಗದ ರಕ್ತಹೀನತೆ. ನೋಡಿದರೆ ಆ ಗಡ್ಡೆಗಳೇ ಸಿಕ್ಕಾಪಟ್ಟೆ ಹೆಪ್ಸಿಡಿನ್ ತಯಾರಿಸುತ್ತಿದ್ದವು. ಗಡ್ಡೆ ತೆಗೆದ ಮೇಲೆ ರಕ್ತಹೀನತೆ ಸರಿಹೋಯಿತು. ಹೆಪ್ಸಿಡಿನ್ ಇಲ್ಲದಿದ್ದರೆ ಕಬ್ಬಿಣ ತುಂಬಿ ಹರಿಯುತ್ತದೆ, ಜಾಸ್ತಿಯಾದರೆ ಎಲ್ಲವೂ ನಿಂತುಹೋಗುತ್ತದೆ.

ಲಿವರ್ ಎಷ್ಟು ಹೆಪ್ಸಿಡಿನ್ ಬಿಡಬೇಕೆಂದು ಹೇಳುವವರು ಹಲವರು. ಕಬ್ಬಿಣ ಜಾಸ್ತಿಯಾದರೆ ಹೆಚ್ಚಿಸು ಎಂಬ ಸಂದೇಶ. ರಕ್ತ ಕಡಿಮೆಯಾಗಿ ಮೂಳೆಮಜ್ಜೆ ಜೋರಾಗಿ ಕೆಲಸ ಮಾಡುತ್ತಿದ್ದರೆ ತಗ್ಗಿಸು ಎಂಬ ಸಂದೇಶ. ಇದನ್ನು ಹೊತ್ತುತರುವ ಎರಿಥ್ರೋಫೆರೋನ್ ಎಂಬ ಹಾರ್ಮೋನ್ ಗೊತ್ತಾದದ್ದು 2014ರಲ್ಲಿ. ಮೂರನೆಯದು ಉರಿಯೂತ. ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕ ಏರಿದ ಕೆಲವೇ ಗಂಟೆಗಳಲ್ಲಿ ಹೆಪ್ಸಿಡಿನ್ ಏರುತ್ತದೆ, ರಕ್ತದ ಕಬ್ಬಿಣ ಇಳಿಯುತ್ತದೆ.

ಉರಿಯೂತಕ್ಕೆ ಕಬ್ಬಿಣವನ್ನು ಕಟ್ಟಿಹಾಕುವ ಉಸಾಬರಿ ಯಾಕೆ? ಬ್ಯಾಕ್ಟೀರಿಯಾಗಳಿಗೂ ಬೆಳೆಯಲು ಕಬ್ಬಿಣ ಬೇಕು. ಸೋಂಕು ಬಂದಾಗ ರಕ್ತದಲ್ಲಿ ಅದು ಸಿಗದಂತೆ ಮಾಡಿದರೆ ಅವಕ್ಕೆ ಕಷ್ಟ. ಒಂದು ವಾರದ ಜ್ವರಕ್ಕೆ ಇದು ಒಳ್ಳೆಯ ಉಪಾಯ. ಒಂದು ವಾರ ರಕ್ತ ಕಡಿಮೆ ತಯಾರಾದರೆ ಏನೂ ಆಗುವುದಿಲ್ಲ. ಆದರೆ ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ಓಡಿಸಬೇಕಾದ ಬ್ಯಾಕ್ಟೀರಿಯಾ ಯಾವುದೂ ಇಲ್ಲ, ಉರಿಯೂತ ಮಾತ್ರ ವರ್ಷಗಟ್ಟಲೆ ಇರುತ್ತದೆ. ಬಾಗಿಲು ಸುಮ್ನೆ ಮುಚ್ಚಿಕೊಂಡೇ ಇರುತ್ತದೆ.

ಈಕೆಯ ಲಿವರ್‌ಗೆ ಒಟ್ಟಿಗೆ ಎರಡು ವಿರುದ್ಧ ಆಜ್ಞೆಗಳು ಹೋಗುತ್ತಿದ್ದವು. ಕಬ್ಬಿಣ ಇಲ್ಲ, ತೆರೆ. ಉರಿಯೂತ ಇದೆ, ಮುಚ್ಚು. ಇಂಥವರಲ್ಲಿ ಹೆಪ್ಸಿಡಿನ್ ಬರೀ ಉರಿಯೂತ ಇರುವವರಷ್ಟು ಏರಿರುವುದಿಲ್ಲ, ಬರೀ ಕೊರತೆ ಇರುವವರಷ್ಟು ಇಳಿದೂ ಇರುವುದಿಲ್ಲ. ಬಾಗಿಲು ಅರ್ಧ ಮುಚ್ಚಿರುತ್ತದೆ. ಉರಿಯೂತ ಮೂಳೆಮಜ್ಜೆಯ ಮೇಲೂ ನೇರವಾಗಿ ಕೈಹಾಕುತ್ತದೆ. ರಕ್ತಕಣ ತಯಾರಿಸು ಎಂದು ಹೇಳಲು ಕಿಡ್ನಿಯಿಂದ ಬರುವ ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನ್‌ಗೆ ಮಜ್ಜೆ ಸರಿಯಾಗಿ ಸ್ಪಂದಿಸುವುದಿಲ್ಲ, ರಕ್ತಕಣಗಳ ಆಯುಷ್ಯವೂ ಸ್ವಲ್ಪ ಕುಗ್ಗುತ್ತದೆ.

ಮೂರು ಮಾತ್ರೆ ಯಾಕೆ ಕೆಟ್ಟ ಯೋಚನೆ

ಏರದಿದ್ದರೆ ಜಾಸ್ತಿ ಕೊಡು ಎಂಬುದು ಸಹಜವಾಗಿ ಬರುವ ಯೋಚನೆ. ಕಬ್ಬಿಣದ ವಿಷಯದಲ್ಲಿ ಅದು ಕೆಲಸ ಮಾಡುವುದಿಲ್ಲ. ದೊಡ್ಡ ಪ್ರಮಾಣದ ಮಾತ್ರೆ ನುಂಗಿದರೆ ಹೆಪ್ಸಿಡಿನ್ ತಾನೇ ಏರಿ ಸುಮಾರು 24 ಗಂಟೆ ಹಾಗೇ ಇರುತ್ತದೆ. 2015ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಕಬ್ಬಿಣ ಕಡಿಮೆಯಿದ್ದ ಯುವತಿಯರಲ್ಲಿ ಇದನ್ನು ಅಳೆದರು. 60 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟ ಮರುದಿನ ಕೊಟ್ಟ ಮಾತ್ರೆಯಿಂದ ಹೀರಿಕೊಳ್ಳುವ ಪಾಲು ಮೂರನೇ ಒಂದರಷ್ಟೋ ಅದಕ್ಕಿಂತ ಜಾಸ್ತಿಯೋ ಕುಸಿದಿತ್ತು. ದಿನ ಬಿಟ್ಟು ದಿನ ಕೊಟ್ಟರೆ ಪ್ರತಿ ಮಾತ್ರೆಯಿಂದ ಹೆಚ್ಚು ಪಾಲು ಸೇರುತ್ತದೆ ಎಂದು ಆಮೇಲಿನ ಅಧ್ಯಯನಗಳೂ ತೋರಿಸಿದವು. ಬೆಳಗಿನ ಮಾತ್ರೆಯೇ ಮಧ್ಯಾಹ್ನದ, ರಾತ್ರಿಯ ಮಾತ್ರೆಗಳಿಗೆ ಅಡ್ಡ ನಿಲ್ಲುತ್ತಿತ್ತು. ಉಳಿದದ್ದು ಹೊಟ್ಟೆನೋವು, ಮಲಬದ್ಧತೆ ಮಾತ್ರ. ಈಕೆಗೆ ಅದಾಗಲೇ ಉರಿಯೂತದಿಂದ ಬಾಗಿಲು ಅರ್ಧ ಮುಚ್ಚಿತ್ತು.

ಆದರೂ ಒಂದು ಲೆಕ್ಕ ಸರಿಹೋಗುತ್ತಿರಲಿಲ್ಲ. ಅರ್ಧ ತೆರೆದ ಬಾಗಿಲಿಂದಲೂ ಅಷ್ಟೋ ಇಷ್ಟೋ ಒಳಗೆ ಬರಬೇಕು. ನಾಲ್ಕು ತಿಂಗಳಲ್ಲಿ ಚೂರಾದರೂ ಏರಬೇಕಿತ್ತು, ಅಲ್ವಾ? ಇಳಿದಿದೆ. ಅಂದರೆ ಎಲ್ಲೋ ಹೋಗುತ್ತಿದೆ.

ಡಾಕ್ಟರು ಔಷಧಿ ಚೀಲ ಪೂರ್ತಿ ಮೇಜಿನ ಮೇಲೆ ಸುರಿಯಲು ಹೇಳಿದರು. ಮೆಥೊಟ್ರೆಕ್ಸೇಟ್ ಮಾತ್ರೆಯ ಪಟ್ಟಿ ಹೆಚ್ಚುಕಡಿಮೆ ತುಂಬಿಯೇ ಇತ್ತು. ವಾರಕ್ಕೊಮ್ಮೆ ತಗೋಬೇಕಾದ, ಕೀಲಿನ ಕಾಯಿಲೆಯನ್ನು ಹಿಡಿತದಲ್ಲಿಡುವ ಮುಖ್ಯ ಔಷಧಿ ಅದು.

"ಲಿವರ್ ಹಾಳಾಗುತ್ತೆ ಅಂತ ಯಾರೋ ಹೇಳಿದರು ಡಾಕ್ಟ್ರೇ. ಅರ್ಧ ಮಾಡಿಕೊಂಡೆ. ಕೆಲವು ವಾರ ಬಿಟ್ಟೂ ಬಿಟ್ಟೆ. ನೋವು ಬಂದರೆ ಇದಿದೆಯಲ್ಲ."

'ಇದು' ಅಂದರೆ ನೋವಿನ ಮಾತ್ರೆ. ದಿನಕ್ಕೆ ಎರಡು, ಕೆಲವೊಮ್ಮೆ ಮೂರು, ತಿಂಗಳುಗಟ್ಟಲೆ. ಕೀಲುನೋವಿಗೆ ಕೊಡುವ ಇಂಥ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕೆರೆಯುತ್ತವೆ. ಎಂಡೋಸ್ಕೋಪಿ ಮಾಡಿದರೆ ಜಠರದಲ್ಲಿ ಸಣ್ಣ ಸಣ್ಣ ಹುಣ್ಣುಗಳು, ಒಂದರ ಮೇಲೆ ಒಣಗಿದ ರಕ್ತದ ಕಲೆ. ಐರನ್ ಮಾತ್ರೆಯ ಕಪ್ಪು ಬಣ್ಣದಲ್ಲಿ ಇದು ಮುಚ್ಚಿಹೋಗಿತ್ತು. ಹೊಟ್ಟೆಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾದ ಸೋಂಕು ಇರಲಿಲ್ಲ. ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ಪರೀಕ್ಷೆಯೂ ಸರಿಯಿತ್ತು. ಬಿ12 ಸಾಕಷ್ಟಿತ್ತು.

ಸೋರಿಕೆ ಸಣ್ಣದೇ ಇರಲಿ, ಲೆಕ್ಕ ಹಾಕಿ ನೋಡಿ. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ ಸುಮಾರು 3.4 ಮಿಲಿಗ್ರಾಂ ಕಬ್ಬಿಣ. ಹಿಮೋಗ್ಲೋಬಿನ್ 9 (ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 9 ಗ್ರಾಂ) ಇರುವವರು ದಿನಕ್ಕೆ 5 ಮಿಲಿಲೀಟರ್ ರಕ್ತ ಕಳೆದುಕೊಂಡರೆ 1.5 ಮಿಲಿಗ್ರಾಂ ಕಬ್ಬಿಣ ಹೋಯಿತು. ಆರೋಗ್ಯವಂತರು ದಿನಕ್ಕೆ ಊಟದಿಂದ ಹೀರಿಕೊಳ್ಳುವುದೇ ಹೆಚ್ಚುಕಡಿಮೆ ಅಷ್ಟು. ಇದರ ಮೇಲೆ ಮುಟ್ಟಿನ ರಕ್ತಸ್ರಾವ ಬೇರೆ. ಒಂದು ಚಮಚ ರಕ್ತ ಕಣ್ಣಿಗೆ ಬೀಳುವುದೂ ಇಲ್ಲ. ಬಾಗಿಲು ಪೂರ್ತಿ ತೆರೆದಿದ್ದರೆ ದೇಹ ಅದನ್ನು ತುಂಬಿಕೊಳ್ಳುತ್ತಿತ್ತು. ಇಲ್ಲಿ ಆ ಅವಕಾಶವೇ ಇರಲಿಲ್ಲ.

ಕೊಟ್ಟ ಚಿಕಿತ್ಸೆ

ನೋವಿನ ಮಾತ್ರೆ ನಿಂತಿತು. ಹುಣ್ಣು ಮಾಯಲು ಆ್ಯಸಿಡ್ ತಗ್ಗಿಸುವ ಮಾತ್ರೆ ಶುರುವಾಯಿತು. ಮೆಥೊಟ್ರೆಕ್ಸೇಟ್ ಯಾಕೆ ಬೇಕು, ಲಿವರ್ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಮಾಡುತ್ತೇವೆ, ಜೊತೆಗೆ ಫೋಲಿಕ್ ಆಮ್ಲ ಯಾಕೆ ಎಂದು ಡಾಕ್ಟರು ಕೂತು ವಿವರಿಸಿದರು. ಪೂರ್ತಿ ಪ್ರಮಾಣ ಮತ್ತೆ ಶುರುವಾಯಿತು. ಈ ಹದಿನೈದು ನಿಮಿಷದ ಮಾತು ಇಡೀ ಚಿಕಿತ್ಸೆಯಲ್ಲಿ ಅತಿ ಮುಖ್ಯವಾದ ಭಾಗ ಎಂದು ನಾನು ನಂಬುತ್ತೇನೆ. ಉರಿಯೂತ ಇಳಿಯದೆ ಕಬ್ಬಿಣದ ವಿಷಯ ನೆಟ್ಟಗಾಗುವುದಿಲ್ಲ. ಇಂಟರ್‌ಲ್ಯೂಕಿನ್-6 ಅನ್ನೇ ತಡೆಯುವ ಟೋಸಿಲಿಜುಮ್ಯಾಬ್ ಎಂಬ ಔಷಧಿ ಕೊಟ್ಟಾಗ ಈ ಕಾಯಿಲೆಯವರಲ್ಲಿ ಹಿಮೋಗ್ಲೋಬಿನ್ ಏರುವುದು ಕಂಡಿದೆ. ಈಕೆಗೆ ಅಷ್ಟು ದೂರ ಹೋಗಬೇಕಾಗಲಿಲ್ಲ.

ಕಬ್ಬಿಣ ಎಷ್ಟು ಬೇಕು? 50 ಕಿಲೋ ತೂಕಕ್ಕೆ ರಕ್ತ ಸುಮಾರು 3.25 ಲೀಟರ್. ಹಿಮೋಗ್ಲೋಬಿನ್ 8.9ರಿಂದ 13ಕ್ಕೆ ಬರಲು 133 ಗ್ರಾಂ ಹಿಮೋಗ್ಲೋಬಿನ್ ಹೊಸದಾಗಿ ತಯಾರಾಗಬೇಕು. ಅದಕ್ಕೆ 450 ಮಿಲಿಗ್ರಾಂ ಕಬ್ಬಿಣ. ಬರಿದಾದ ಸಂಗ್ರಹಕ್ಕೆ ಇನ್ನೊಂದು 500. ಒಟ್ಟು 1000 ಮಿಲಿಗ್ರಾಂ ಹತ್ತಿರ. ಬಾಯಿಯಿಂದ ಇದನ್ನು ಸೇರಿಸುವುದು ಸದ್ಯಕ್ಕೆ ಆಗದ ಮಾತು. ಆ್ಯಸಿಡ್ ತಗ್ಗಿಸುವ ಮಾತ್ರೆಯೂ ಕಬ್ಬಿಣ ಹೀರುವುದಕ್ಕೆ ಅಡ್ಡಿ. ಹಾಗಾಗಿ ರಕ್ತನಾಳದ ಮೂಲಕ, 500ರಂತೆ ಎರಡು ಸಲ, ವಾರದ ಅಂತರದಲ್ಲಿ ಡ್ರಿಪ್ ಕೊಟ್ಟರು. ಸೋಂಕು ಯಾವುದೂ ಇಲ್ಲ ಎಂದು ಮೊದಲೇ ಖಚಿತ ಮಾಡಿಕೊಂಡಿದ್ದರು. ಸೋಂಕಿನ ಹೊತ್ತಲ್ಲಿ ರಕ್ತನಾಳಕ್ಕೆ ಕಬ್ಬಿಣ ಕೊಡುವುದು ದೇಹ ಮಾಡುತ್ತಿರುವ ಕೆಲಸಕ್ಕೆ ಎದುರು ಹೋದಂತೆ. ಕೆಲವು ಬಗೆಯ ಕಬ್ಬಿಣದ ಡ್ರಿಪ್ ರಕ್ತದ ಫಾಸ್ಫೇಟ್ ಇಳಿಸುತ್ತದೆ, ಅದರ ಮೇಲೂ ಕಣ್ಣಿಟ್ಟಿದ್ದರು.

ಡ್ರಿಪ್ ಕರುಳಿನ ಬಾಗಿಲನ್ನು ದಾಟಿಕೊಂಡು ಹೋಗುತ್ತದೆ ನಿಜ. ಆದರೆ ಆ ಕಬ್ಬಿಣವನ್ನೂ ಮೊದಲು ಮ್ಯಾಕ್ರೋಫೇಜ್‌ಗಳೇ ನುಂಗುತ್ತವೆ, ಮತ್ತೆ ಫೆರೋಪೋರ್ಟಿನ್ ಮೂಲಕವೇ ಬಿಡಬೇಕು. ಅದಕ್ಕೇ ಡ್ರಿಪ್ ಒಂದನ್ನೇ ನೆಚ್ಚಿಕೊಳ್ಳದೆ ಕೀಲಿನ ಕಾಯಿಲೆಗೂ ಚಿಕಿತ್ಸೆ ಒಟ್ಟಿಗೇ ನಡೆಯಬೇಕಿತ್ತು.

ರಕ್ತ ಹಾಕಿಸಬಹುದಾ ಎಂದು ಮನೆಯವರು ಕೇಳಿದ್ದರು. ಒಂದು ಚೀಲ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಆದರೆ ಹೃದಯಕ್ಕೆ ತೊಂದರೆ ಇಲ್ಲದೆ, ಹಿಮೋಗ್ಲೋಬಿನ್ 8.9ರಲ್ಲಿ ಸ್ಥಿರವಾಗಿರುವಾಗ ಅದರ ಅಗತ್ಯವಿಲ್ಲ. ಇದೇ ಚೀಲದ ಲೆಕ್ಕ ಹೆಮೋಕ್ರೊಮಾಟೋಸಿಸ್ ಎಂಬ ಉಲ್ಟಾ ಕಾಯಿಲೆಯಲ್ಲಿ ಬಳಕೆಯಾಗುತ್ತದೆ. ಹುಟ್ಟಿನಿಂದಲೇ ಹೆಪ್ಸಿಡಿನ್ ಸಾಲದ ಅವರಲ್ಲಿ ಬಾಗಿಲು ಮುಚ್ಚುವುದೇ ಇಲ್ಲ. ಕಬ್ಬಿಣ ಲಿವರ್, ಹೃದಯ, ಪ್ಯಾಂಕ್ರಿಯಾಸ್‌ನಲ್ಲಿ ತುಂಬುತ್ತದೆ. ಹೊರಹೋಗುವ ಬೇರೆ ದಾರಿ ಇಲ್ಲದ ಕಾರಣ ಚೀಲಗಟ್ಟಲೆ ರಕ್ತ ತೆಗೆಯುವುದೇ ಚಿಕಿತ್ಸೆ.

ಆಮೇಲೆ

ಎರಡನೇ ಡ್ರಿಪ್ ಆಗಿ ಎರಡು ವಾರಕ್ಕೆ ಬೇರೆ ಕಾರಣಕ್ಕೆ ಮಾಡಿಸಿದ ಪರೀಕ್ಷೆಯಲ್ಲಿ ಫೆರಿಟಿನ್ 540 ಬಂತು. ಕಬ್ಬಿಣ ಅತಿಯಾಯಿತು ಅಂತ ಮನೆಯಲ್ಲಿ ಗಾಬರಿ. ಡ್ರಿಪ್ ಆದ ಮೊದಲ ವಾರಗಳಲ್ಲಿ ಫೆರಿಟಿನ್ ಹೀಗೆ ಏರುವುದು ಸಾಮಾನ್ಯ. ಕನಿಷ್ಠ ನಾಲ್ಕರಿಂದ ಎಂಟು ವಾರ ಕಾದು ನೋಡಬೇಕು. ಹತ್ತನೇ ವಾರ ಅದು 190. ಹಿಮೋಗ್ಲೋಬಿನ್ 11.7, ಸಿ.ಆರ್.ಪಿ 7, ಟ್ರಾನ್ಸ್‌ಫೆರಿನ್ ತುಂಬಿದ್ದು ಶೇಕಡಾ 22. ಬೆಳಿಗ್ಗೆ ಬೆರಳು ಮಡಚಲು ಹತ್ತು ನಿಮಿಷ ಸಾಕಾಗುತ್ತಿತ್ತು. ಆ್ಯಸಿಡ್ ಮಾತ್ರೆ ನಿಂತ ಮೇಲೆ ಐರನ್ ಮಾತ್ರೆ ಮತ್ತೆ ಬಂತು, ದಿನ ಬಿಟ್ಟು ದಿನ, ಒಂದೇ, ಕಾಫಿ ಟೀ ಜೊತೆ ಅಲ್ಲ. ಮುಟ್ಟಿನಲ್ಲಿ ಹೋಗುವುದನ್ನು ತುಂಬಿಕೊಳ್ಳಲು ಅಷ್ಟು ಸಾಕು. ಐದನೇ ತಿಂಗಳಿಗೆ ಹಿಮೋಗ್ಲೋಬಿನ್ 12.1 ಆಯಿತು, ಆಮೇಲೆ ಐರನ್ ಮಾತ್ರೆಯನ್ನೂ ನಿಲ್ಲಿಸಿದರು.

ಏಳನೇ ತಿಂಗಳಲ್ಲಿ ಕೀಲುಗಳು ಮತ್ತೆ ಊದಿದವು. ಮೆಥೊಟ್ರೆಕ್ಸೇಟ್ ಬಿಟ್ಟಿರಲಿಲ್ಲ, ಕಾಯಿಲೆಯೇ ಕೆರಳಿತ್ತು. ಸಿ.ಆರ್.ಪಿ 38. ಹಿಮೋಗ್ಲೋಬಿನ್ 11.2ಕ್ಕೆ ಇಳಿಯಿತು. ಟ್ರಾನ್ಸ್‌ಫೆರಿನ್ ತುಂಬಿದ್ದು ಶೇಕಡಾ 12. ಮೇಲ್ನೋಟಕ್ಕೆ ಹಳೆಯ ಕತೆಯೇ. ಮನೆಯಲ್ಲಿ ಉಳಿದಿದ್ದ ಐರನ್ ಮಾತ್ರೆ ಶುರುಮಾಡಲೇ ಎಂದು ಆಕೆ ಫೋನಿನಲ್ಲಿ ಕೇಳಿದರು. ಡಾಕ್ಟರು ತಡೆದು ಮೊದಲು ಉಳಿದ ಪರೀಕ್ಷೆ ಮಾಡಿಸಿದರು. ಫೆರಿಟಿನ್ 260. ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಏರಿಲ್ಲ. ಮಲದಲ್ಲಿ ರಕ್ತ ಇಲ್ಲ, ನೋವಿನ ಮಾತ್ರೆಯನ್ನು ಆಕೆ ಮುಟ್ಟಿಲ್ಲ. ಈ ಸಲ ಕಬ್ಬಿಣ ಒಳಗೇ ಇದೆ, ಹೊರಬರುತ್ತಿಲ್ಲ ಅಷ್ಟೇ. ಐರನ್ ಒಂದು ಮಿಲಿಗ್ರಾಂ ಕೂಡ ಕೊಡಲಿಲ್ಲ. ಮೆಥೊಟ್ರೆಕ್ಸೇಟ್ ಪ್ರಮಾಣ ಏರಿಸಿ, ಕೆಲವು ವಾರ ಸಣ್ಣ ಪ್ರಮಾಣದ ಸ್ಟೀರಾಯ್ಡ್ ಕೊಟ್ಟರು.

ಎಂಟು ವಾರದ ನಂತರ ಸಿ.ಆರ್.ಪಿ 5, ಟ್ರಾನ್ಸ್‌ಫೆರಿನ್ ಶೇಕಡಾ 23, ಹಿಮೋಗ್ಲೋಬಿನ್ 12.1. ಆ 0.9 ಏರಿಕೆಗೆ ಬೇಕಾದ ಸುಮಾರು 100 ಮಿಲಿಗ್ರಾಂ ಕಬ್ಬಿಣ ಬಂದದ್ದು ಹೆಚ್ಚಾಗಿ ಆಕೆಯದೇ ಮ್ಯಾಕ್ರೋಫೇಜ್‌ಗಳಿಂದ, ಲಿವರ್‌ನಿಂದ. ಫೆರಿಟಿನ್ 150ಕ್ಕೆ ಇಳಿದಿತ್ತು. ಮುಂದಿನ ಪರೀಕ್ಷೆ ಮೂರು ತಿಂಗಳಿಗೆ, ಫೆರಿಟಿನ್ ಮತ್ತು ಸಿ.ಆರ್.ಪಿ ಎರಡೂ ಒಂದೇ ಚೀಟಿಯಲ್ಲಿ.